ಮೈಕ್ ಅಲ್ಲ, ಆ ಸಂಖ್ಯೆ ನೋಡಿ

ಮಾನ್ಯ ಸಂಪಾದಕರೇ,

ಫೋನು ನಮ್ಮ ಮಾತು ಕದ್ದು ಕೇಳುತ್ತದೆ ಎಂಬ ಗುಮಾನಿ ಎಲ್ಲರಿಗೂ ಇದೆ. ಅಷ್ಟು ಕಷ್ಟವೇ ಬೇಕಿಲ್ಲ. ಫೋನಿನಲ್ಲಿ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಹವಾಮಾನ ತಿಳಿಸುವ ಆ್ಯಪ್ ಕೂಡ ಅದಕ್ಕೆ ನೀವಿದ್ದ ಜಾಗ, ಹೊತ್ತು ಸೇರಿಸಿ ಜನರ ಮಾಹಿತಿ ಕೊಂಡು ಮಾರುವ ದತ್ತಾಂಶ ದಲ್ಲಾಳಿಗಳಿಗೆ ದಾಟಿಸಬಲ್ಲದು. ಹೆಸರಿಲ್ಲವಲ್ಲ ಎಂಬ ಸಮಾಧಾನ ಬೇಡ. 15 ಲಕ್ಷ ಮೊಬೈಲ್ ಬಳಕೆದಾರರ ದಾಖಲೆ ಜಾಲಾಡಿದ 2013ರ ಅಧ್ಯಯನದಲ್ಲಿ, ಶೇ 95 ಮಂದಿಯನ್ನು ಗುಂಪಿನಿಂದ ಹೆಕ್ಕಲು ಜಾಗ–ಸಮಯದ ನಾಲ್ಕೇ ಬಿಂದು ಸಾಕಾದವು. ರಾತ್ರಿ ಫೋನು ಮಲಗುವ ಜಾಗ ಮನೆ, ಹಗಲು ಕೂರುವ ಜಾಗ ಕಚೇರಿ, ಇನ್ನೇನು ಬೇಕು? ಇಂಥ ದತ್ತಾಂಶವನ್ನು ವಾರಂಟಿನ ಗೊಡವೆಯಿಲ್ಲದೆ ಸರ್ಕಾರಿ ಸಂಸ್ಥೆಗಳೇ ದುಡ್ಡು ಕೊಟ್ಟು ಕೊಂಡದ್ದು ಅಮೆರಿಕದಲ್ಲಿ ಬಯಲಾಗಿದೆ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಗೂಗಲ್, ಆ್ಯಡ್ಸ್ ಎಂದು ಹೋಗಿ (ಕೆಲವು ಫೋನುಗಳಲ್ಲಿ ಪ್ರೈವೆಸಿಯೊಳಗೆ ಅಡಗಿರುತ್ತದೆ) ಈ ಸಂಖ್ಯೆಯನ್ನು ‘ಡಿಲೀಟ್’ ಮಾಡಿದರೆ ಆ್ಯಪ್‌ಗಳಿಗೆ ಸಿಗುವುದು ಸೊನ್ನೆಗಳ ಸಾಲು. ‘ರೀಸೆಟ್’ ಒತ್ತಿದರೆ ಹೊಸ ಸಂಖ್ಯೆ ಹುಟ್ಟುತ್ತದೆ, ಅಷ್ಟೆ. ಐಫೋನಿನಲ್ಲಿ ಪ್ರೈವೆಸಿ ಅಡಿಯ ‘ಟ್ರ್ಯಾಕಿಂಗ್’ ಆಫ್ ಮಾಡಬೇಕು. ಲೊಕೇಶನ್ ಕೇಳಿದಾಗ ನಿಖರ ಜಾಗದ ಬದಲು ಅಂದಾಜು ಜಾಗ ಕೊಟ್ಟರೂ ಹವಾಮಾನ ಆ್ಯಪ್‌ಗೆ ಧಾರಾಳ. ಆದರೆ ಹತ್ತು ಆ್ಯಪ್‌ಗಳಿಗೆ ಒಂದೇ ಮೊಬೈಲ್ ನಂಬರಿನಿಂದ ಲಾಗಿನ್ ಆಗಿದ್ದರೆ, ಅವುಗಳ ಮಾಹಿತಿಯೆಲ್ಲ ಒಬ್ಬರದೇ ಎಂದು ಜೋಡಿಸುವ, ಅಳಿಸಿದ ಸಂಖ್ಯೆಯ ಕೆಲಸವನ್ನು ಆ ನಂಬರೇ ಮಾಡಿಕೊಡುತ್ತದೆ.