ಯಾವ ಯಂತ್ರದಲ್ಲಿ ಆಡಿ ನೋಡಿದಿರಿ?

ಮಾನ್ಯರೇ,

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ ‘ಸೈಬರ್‌ಪಂಕ್ 2077’ ಗೇಮ್ ಹಲವು ಸಲ ಮುಂದಕ್ಕೆ ಹೋಗಿ, 2020ರ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ಅದಕ್ಕೂ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಅವರ ಹೊಗಳಿಕೆ ನಂಬಿ, ಸೋನಿ ಕಂಪನಿಯ ಪ್ಲೇಸ್ಟೇಷನ್ 4 ಎಂಬ ಗೇಮ್ ಯಂತ್ರಕ್ಕೆ ಕೊಂಡವರ ಆಟ ಪದೇಪದೇ ನಿಂತುಹೋಯಿತು. ವಾರ ಕಳೆಯುತ್ತಿದ್ದಂತೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಮತ್ತೆ ಮಾರಾಟಕ್ಕೆ ಬಂದಿದ್ದು 2021ರ ಜೂನ್‌ನಲ್ಲಿ.

ಕ್ಷಮೆ ಕೇಳಿದ ಸಂಸ್ಥೆಯ ಮುಖ್ಯಸ್ಥರು, ಈ ದೋಷಗಳಲ್ಲಿ ದೊಡ್ಡ ಪಾಲು ತಮ್ಮ ಪರೀಕ್ಷೆಯಲ್ಲಿ ಕಂಡಿರಲಿಲ್ಲ ಎಂದರು. ಸಾಫ್ಟ್‌ವೇರ್ ಪರೀಕ್ಷಕಿಯಾದ ನನಗೆ ಆ ಮಾತು ಇಂದಿಗೂ ಚುಚ್ಚುತ್ತದೆ. ಯಾವ ಗುಂಡಿ ಒತ್ತಿದಾಗ, ಯಾವ ಯಂತ್ರದಲ್ಲಿ, ಎಷ್ಟು ಸಲಕ್ಕೊಮ್ಮೆ ತೊಂದರೆ ಬರುತ್ತದೆ ಎಂದು ಚಿತ್ರಸಹಿತ ದಾಖಲಿಸುವವರು ನಾವು. ಅದರ ಎದುರು ‘ಬಿಡುಗಡೆಯ ನಂತರ ನೋಡೋಣ’ ಎಂದು ಬರೆಯುವವರು ಬೇರೆ. ದಿನಾಂಕ ನಿಗದಿಪಡಿಸುವ ಅಧಿಕಾರವಿದ್ದವರೇ ದೋಷದ ಹೊಣೆಯನ್ನೂ ಹೊರಬೇಕು.

ನಮ್ಮ ಹುಡುಗರು ಸಾವಿರಾರು ರೂಪಾಯಿ ಮುಂಗಡ ಕೊಟ್ಟು ಗೇಮ್ ಕಾಯ್ದಿರಿಸುತ್ತಾರೆ. ತಮ್ಮ ಪತ್ರಿಕೆ ಪ್ರಕಟಿಸುವ ಪ್ರತಿ ಗೇಮ್ ವಿಮರ್ಶೆಯಲ್ಲೂ ಅದನ್ನು ಯಾವ ಯಂತ್ರದಲ್ಲಿ, ಎಷ್ಟು ಗಂಟೆ ಆಡಿ ನೋಡಲಾಯಿತು ಎಂಬುದನ್ನು ದಯವಿಟ್ಟು ನಮೂದಿಸಿ.

– ಸಾಫ್ಟ್‌ವೇರ್ ಪರೀಕ್ಷಕಿ, ಮೈಸೂರು