ಆ ಹಿತ್ತಾಳೆ ಗಿಂಡಿ ಯಾರದ್ದು?

ಯುಗಾದಿಯ ದಿನ ಕೋಲು ಹಿಡಿಯದೆ ತೋಟದ ತನಕ ನಡೆದು ಹೋಗಿ ಬಂದೆ. ಮನೆಯಿಂದ ತೋಟಕ್ಕೆ ಇನ್ನೂರು ಹೆಜ್ಜೆ ಇದ್ದೀತು, ನಡುವೆ ಎರಡು ಸಲ ಕೂತೆ. ಜನವರಿಯಲ್ಲಿ ಮಂಗನ ಕಾಯಿಲೆ ಹಿಡಿದು ಮಲಗಿದವನು ಎದ್ದಿದ್ದಾನೆ ಅನ್ನುವುದಕ್ಕೆ ಇಷ್ಟು ಸಾಕು. ಈ ಬರಹ ನನ್ನ ಊರಿನವರಿಗೆ, ಜೊತೆಗೆ ನನಗೆ ಹೆಸರೂ ಗೊತ್ತಿಲ್ಲದ ಕೆಲವರಿಗೆ.

ಸಾಗರ ಸೀಮೆಯವರಿಗೆ ಈ ಕಾಯಿಲೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಅದು ನಮ್ಮ ಬೆನ್ನಿಗಿದೆ. ಚಳಿಗಾಲ ಬಂತೆಂದರೆ ಆಶಾ ಕಾರ್ಯಕರ್ತೆ ಅಕ್ಕ ಮನೆಮನೆಗೆ ಬಂದು, ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳು) ಕಚ್ಚದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಕೊಟ್ಟು, ಹಚ್ಚಿಕೊಂಡೇ ಕಾಡಿಗೆ ಹೋಗಿ ಎಂದು ಹೇಳಿ ಹೋಗುತ್ತಾಳೆ. ಆ ಬಾಟಲಿ ನಮ್ಮ ಜಗಲಿಯ ಗೂಡಿನಲ್ಲೇ ಇತ್ತು. ನಾನು ಮಾತ್ರ ಹಚ್ಚದೆ ಸೊಪ್ಪಿನ ಬೆಟ್ಟಕ್ಕೆ ದರಕು (ಒಣಗಿದ ಎಲೆ) ಒಟ್ಟಲು ಹೋದೆ. ಉಣುಗು ಕಚ್ಚಿದ್ದು ಗೊತ್ತೇ ಆಗಲಿಲ್ಲ. ಜ್ವರ ಬಂದಾಗ ಮೊದಲು ತೋರಿಸಿದ ಕಡೆ ಮಾಮೂಲಿ ಜ್ವರ ಎಂದು ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕನೇ ದಿನ ಒಸಡಿನಲ್ಲಿ ರಕ್ತ. 108ರಲ್ಲಿ ಹುಲಿಕಲ್ ಘಾಟಿ ಇಳಿದು ಮಣಿಪಾಲ ಸೇರಿದೆನಂತೆ. ಆ ದಾರಿ ನನಗೆ ನೆನಪಿಲ್ಲ.

ನೆನಪಿಲ್ಲದ ಆ ದಿನಗಳಲ್ಲಿ ಊರಲ್ಲಿ ಏನಾಯಿತು ಎಂಬುದನ್ನೇ ಇಲ್ಲಿ ಹೇಳಬೇಕು.

ಎರಡನೇ ಕೊಯ್ಲಿನ ಅಡಿಕೆಗೊನೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಕೊಯ್ದ ಅಡಿಕೆ ಯಾರ ಜ್ವರಕ್ಕೂ ಕಾಯುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಅಟ್ಟಕ್ಕೆ ಹಾಕಬೇಕು. ಹೆಂಡತಿ ನನ್ನ ಜೊತೆ ಆಸ್ಪತ್ರೆಯಲ್ಲಿ, ಮನೆಯಲ್ಲಿ ಅಮ್ಮ ಒಬ್ಬಳೇ. ಹಿಂದೆಲ್ಲ ನಮ್ಮಲ್ಲಿ ಮುಯ್ಯಾಳು ಇತ್ತು. ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು, ಆಳಿಗೆ ಆಳು, ದಿನಕ್ಕೆ ದಿನ. ಸುಲಿಯುವ ಯಂತ್ರ ತಂದ ಮೇಲೆ ನಾನು ಅದರಿಂದ ಹೊರಗೆ ಬಂದಿದ್ದೆ. ಐದು ವರ್ಷದಿಂದ ಯಾರ ಅಂಗಳದಲ್ಲೂ ಕೂತು ಸುಲಿದಿಲ್ಲ. ಅಂದರೆ ಮುಯ್ಯಿಯ ಲೆಕ್ಕದಲ್ಲಿ ನನಗೆ ಯಾರೂ ಒಂದು ದಿನವೂ ಬಾಕಿ ಇರಲಿಲ್ಲ.

ಆದರೂ ಬಂದರು. ಹನ್ನೊಂದು ಮನೆಯವರು, ಆರು ರಾತ್ರಿ. ಯಂತ್ರ ನಡೆಸಲು ನನ್ನೊಬ್ಬನಿಗೇ ಬರುತ್ತಿದ್ದುದು. ಅದು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು, ಅದರೆದುರೇ ಮೆಟ್ಟುಗತ್ತಿ ಹಾಕಿಕೊಂಡು ಕೂತು ಸುಲಿದರು. (ಇದನ್ನು ಹೇಳುವಾಗ ಕೆಳಮನೆ ಮಾವನಿಗೆ ಬರುವ ನಗು ನೋಡಬೇಕು.) ಅವರ ಮನೆ ಅತ್ತೆ ಹಂಡೆಯ ಮುಂದೆ ಬೆಳಗಿನ ಜಾವದವರೆಗೆ ಕೂತು ಬೇಯಿಸಿದರಂತೆ. ಅಡಿಕೆಗೆ ಬಣ್ಣ ಕೊಡುವ ಚೊಗರು ನೀರಿನ ಹದ ತಪ್ಪಲಿಲ್ಲ. ಆ ಅಡಿಕೆಯ ಬಣ್ಣ ನಾನು ಬೇಯಿಸಿದ್ದಕ್ಕಿಂತ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ.

ಅತ್ತ ಮಣಿಪಾಲದಲ್ಲಿ ಪ್ಲೇಟ್‌ಲೆಟ್ ಬೇಕಾಯಿತು. ರಕ್ತದ ಹಾಗೆ ಅದನ್ನು ವಾರಗಟ್ಟಲೆ ಇಡಲಾಗುವುದಿಲ್ಲ, ಐದು ದಿನಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಹಾಗಾಗಿ ಬೇಕಾದ ಹೊತ್ತಿಗೆ ಯಾರಾದರೂ ಬಂದು ತೋಳು ಚಾಚಿ ಒಂದೂವರೆ ತಾಸು ಕೂರಲೇಬೇಕು. ಇಬ್ಬರು ಬಂದರು. ಒಬ್ಬಳು ಹಾಸ್ಟೆಲಿನ ಹುಡುಗಿ, ಮರುದಿನ ಪರೀಕ್ಷೆ ಇದ್ದವಳು. ಇನ್ನೊಬ್ಬರು ಆಟೋ ಓಡಿಸುವವರು. ಹೆಂಡತಿ ಹೆಸರು ಕೇಳುವ ಹೊತ್ತಿಗೆ ಇಬ್ಬರೂ ಹೋಗಿಯಾಗಿತ್ತು. ನಿಮ್ಮಿಬ್ಬರಿಗೂ ಇದು ತಲುಪುತ್ತದೋ ಇಲ್ಲವೋ. ನಾನು ಈಗ ಉಣ್ಣುತ್ತೇನೆ, ನಿದ್ದೆ ಮಾಡುತ್ತೇನೆ, ಮಗಳ ಮೇಲೆ ರೇಗುತ್ತೇನೆ ಎಂದು ನಿಮಗೆ ತಿಳಿಯಲಿ ಎಂಬ ಆಸೆ.

ಇನ್ನೊಬ್ಬನ ಹೆಸರು ಹೇಳುವ ಹಾಗಿಲ್ಲ, ಅವನಿಗೆ ಇಷ್ಟವಾಗುವುದಿಲ್ಲ. ನಮ್ಮ ಸಾಗರ ತಾಲೂಕಿನದೇ ಅರಳಗೋಡಿನ ಕಡೆಯ ನೆಂಟ. 2019ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಈ ಕಾಯಿಲೆಯಿಂದ ಸಾವಿನ ಮೇಲೆ ಸಾವು ಕೇಳಿಬರುತ್ತಿದ್ದಾಗ ಅವನೂ ಮಲಗಿದ್ದ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಆದರೂ ಹೋಗಲಿಲ್ಲ. ಒಂದು ಫೋನೂ ಮಾಡಲಿಲ್ಲ, ಏನು ಹೇಳುವುದು ಎಂದು ತೋಚದೆ. ಈ ಸಲ ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವನು ಬೈಕಿನಲ್ಲಿ ಬಂದ. ಜಗಲಿಯ ಮೇಲೆ ಕೂತು, "ಜ್ವರ ಬಿಡ್ತು ಅಂತ ಎದ್ದು ಓಡಾಡಬೇಡ ಮಾರಾಯಾ, ಕೆಲವರಿಗೆ ಎರಡು ವಾರ ಬಿಟ್ಟು ಇನ್ನೊಂದು ಸಲ ಬರ್ತದೆ, ಅದು ತಲೆಗೆ ಹೋಗೋದು" ಎಂದ. ಬಂತು. ಅವನು ಹೇಳಿದ್ದರಿಂದಲೇ ಹೆಂಡತಿ ನನ್ನ ಮಾತು ತೊದಲಿದ ರಾತ್ರಿಯೇ ಗಾಡಿ ಹೊರಡಿಸಿದಳು. ಹಳೆಯದನ್ನು ಅವನು ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಉಪಕಾರವೋ ಕರ್ತವ್ಯವೋ ಎಂದು ಮಲಗಿದಲ್ಲೇ ಬಹಳ ಯೋಚಿಸಿದ್ದೇನೆ, ಬೇರೆ ಕೆಲಸವೇನಿತ್ತು? ಹೆತ್ತವರನ್ನು ಸಾಕಬೇಕೆಂದು 2007ರಲ್ಲಿ ಕಾನೂನೇ ಆಯಿತು. ನೆರೆಮನೆಯವನ ಅಡಿಕೆ ಸುಲಿಯಬೇಕೆಂದು ಯಾವ ಕಾನೂನೂ ಇಲ್ಲ. ಮಾಡಿದವರ ದೊಡ್ಡ ಮನಸ್ಸು ಎಂದು ಹೇಳಿ ಕೈ ಮುಗಿದುಬಿಡಬಹುದು. ಆದರೆ ಬರೀ ದೊಡ್ಡ ಮನಸ್ಸಿನ ಮಾತಾಗಿದ್ದರೆ, ಆ ವರ್ಷ ಅರಳಗೋಡಿಗೆ ಹೋಗದ ನಾನು ತಪ್ಪೇನೂ ಮಾಡಿಲ್ಲ, ದೊಡ್ಡವನಾಗಲಿಲ್ಲ ಅಷ್ಟೆ. ನನಗೆ ಹಾಗೆ ಅನಿಸುವುದಿಲ್ಲ. ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಂಡಿದ್ದೇನೆ ಅಂತಲೇ ಅನಿಸುತ್ತದೆ.

ಅಮ್ಮನಿಗೆ ಇಷ್ಟೆಲ್ಲ ಬೇಡ, ಅವಳಿಗೆ ಲೆಕ್ಕ ಬೇಕು. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಬಂದ ಕೆಳಮನೆಯವರಿಗೆ ನಮ್ಮ ಅಜ್ಜ ಒಂದು ಮಳೆಗಾಲ ಕೊಟ್ಟಿಗೆಯ ಅಟ್ಟ ಬಿಟ್ಟುಕೊಟ್ಟಿದ್ದರು, ಅದಕ್ಕೇ ಅವರು ಬಂದದ್ದು ಎಂದು ಹುಡುಕಿ ತೆಗೆದಳು. ಮಾವನ ಹತ್ತಿರ ಕೇಳಿದೆ. "ಹೌದನಾ? ನಂಗೆ ಗೊತ್ತೇ ಇರ್ಲಿಲ್ಲ ಅದು" ಎಂದರು. ನಾನು ಥ್ಯಾಂಕ್ಸ್ ಅಂದಿದ್ದಕ್ಕೆ ಸಿಟ್ಟೇ ಬಂತು ಅವರಿಗೆ. "ಎಂಥದ ಅದು ಥ್ಯಾಂಕ್ಸು? ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಕ್ಕೆ ಜನ ಇಲ್ಲ, ಪೈಪ್ ಹಿಡಿ ಬಾ."

ಬರುತ್ತೇನೆ ಮಾವ. ಕೈ ಇನ್ನೂ ಸ್ವಲ್ಪ ನಡುಗುತ್ತದೆ, ಪೈಪ್ ಹಿಡಿಯುವಷ್ಟು ಅಷ್ಟರೊಳಗೆ ಸರಿಯಾದೀತು.

ಇನ್ನೊಂದು ವಿಷಯ. ಆ ದಿನಗಳಲ್ಲಿ ನೀವೆಲ್ಲ ಅಮ್ಮನಿಗೆ ಊಟ, ಗಂಜಿ, ಕಷಾಯ ತಂದುಕೊಟ್ಟ ಪಾತ್ರೆಗಳು ನಮ್ಮಲ್ಲೇ ಉಳಿದಿವೆ. ಹೆಸರು ಕೊರೆದಿದ್ದನ್ನೆಲ್ಲ ಮಗಳ ಕೈಯಲ್ಲಿ ಕಳಿಸುತ್ತಿದ್ದೇವೆ. ಖಾಲಿ ಪಾತ್ರೆ ಕಳಿಸಬಾರದೆಂದು ಅಮ್ಮ ಒಂದೊಂದಕ್ಕೂ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ. ಬಾಯಿ ಸ್ವಲ್ಪ ನೆಗ್ಗಿದ ಒಂದು ಹಿತ್ತಾಳೆ ಗಿಂಡಿ ಮಾತ್ರ ಯಾರದ್ದೆಂದು ಗೊತ್ತಾಗುತ್ತಿಲ್ಲ. ಕೇಳಿದವರೆಲ್ಲ ನಮ್ಮದಲ್ಲ ಅನ್ನುತ್ತಿದ್ದಾರೆ. ಜಗಲಿಯ ಗೂಡಿನಲ್ಲಿ, ಡೇಪಾ ಎಣ್ಣೆಯ ಪಕ್ಕದಲ್ಲಿ ಇಟ್ಟಿದ್ದೇವೆ.