ಯುದ್ಧದ ಕಥೆ ಬರೆಯಹೊರಟ ಕಿರಿಯ ಮಿತ್ರನಿಗೆ

ಪ್ರೀತಿಯ ಮಿತ್ರ,

ನಿನ್ನ ಕಾದಂಬರಿಯ ಮೊದಲ ಅಧ್ಯಾಯಗಳನ್ನೂ ಜೊತೆಗಿಟ್ಟ ಕಾಗದವನ್ನೂ ಓದಿದೆ. ಬಾಹ್ಯಾಕಾಶ ನಿಲ್ದಾಣವೊಂದರ ಕಥೆ ಹೇಳುವ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಟಿವಿ ಸರಣಿಯಲ್ಲಿ, ಡೊಮಿನಿಯನ್ ಎಂಬ ಶತ್ರು ಸಾಮ್ರಾಜ್ಯದ ಜೊತೆಗಿನ ಯುದ್ಧದ ಭಾಗವನ್ನು ಮತ್ತೆ ನೋಡುತ್ತಿದ್ದೀಯ, ಆ ಹುಮ್ಮಸ್ಸಿನಲ್ಲೇ ಬರೆಯಲು ಕೂತಿದ್ದೀಯ ಅಂತ ತಿಳಿದು ಖುಷಿಯಾಯಿತು. ನಾನೂ ಆ ಸರಣಿಗೆ ಮರಳಿ ಮರಳಿ ಹೋಗುವವನೇ. ಹಾಗಾಗಿ ನಿನ್ನ ಬರಹದ ಬಗ್ಗೆ ಹೇಳಬೇಕಾದ್ದನ್ನು ಅದರ ಮೂಲಕವೇ ಹೇಳುತ್ತೇನೆ.

ನಿನ್ನ ಮೂರನೇ ಅಧ್ಯಾಯದಲ್ಲಿ ಒಂದು ಇಡೀ ವಸಾಹತು ಸುಟ್ಟು ಬೂದಿಯಾಗುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ನಿನ್ನ ಕ್ಯಾಪ್ಟನ್ ಊಟದ ಮೇಜಿನಲ್ಲಿ ಚಟಾಕಿ ಹಾರಿಸುತ್ತಾನೆ. ನಡುವೆ ಏನೂ ನಡೆದಿಲ್ಲ. ಹಡಗುಗಳ ಕಾಳಗವನ್ನು ಸೊಗಸಾಗಿ ಬರೆದಿದ್ದೀಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸತ್ತವರು ನಿನ್ನ ಕಥೆಯಿಂದ ಅಳಿಸಿಹೋಗಿದ್ದಾರೆ.

ಆ ಸರಣಿ ಪ್ರಸಾರವಾದದ್ದು 1993ರಿಂದ 1999ರವರೆಗೆ. ಪ್ರತಿ ವಾರದ ಕಥೆ ಆ ವಾರವೇ ಮುಗಿಯಬೇಕು ಅನ್ನುವುದು ಆಗಿನ ಅಮೆರಿಕದ ಟಿವಿಯ ಪದ್ಧತಿ. ಬೇರೆ ಬೇರೆ ಊರಿನ ಕೇಂದ್ರಗಳು ತಮಗೆ ಬೇಕಾದ ಹೊತ್ತಿಗೆ ಹಾಕುತ್ತಿದ್ದವು. ಒಂದು ಕಂತು ತಪ್ಪಿದವನಿಗೆ ಮುಂದಿನದು ತಿಳಿಯದೆ ಹೋಗಬಾರದಲ್ಲ. ಅಂಥ ಕಾಲದಲ್ಲಿ ಸರಣಿಯ ಮುಖ್ಯ ಬರಹಗಾರ ಐರಾ ಸ್ಟೀವನ್ ಬೆಹರ್ ಮತ್ತು ಅವರ ಬರಹಗಾರರ ತಂಡ ಡೊಮಿನಿಯನ್ ಸೈನಿಕರನ್ನು 1994ರಲ್ಲೇ ತೆರೆಗೆ ತಂದು, ಯುದ್ಧವನ್ನು 1997ರಲ್ಲಿ ಶುರುಮಾಡಿತು. ಮೂರು ವರ್ಷ ಬೆದರಿಕೆಯನ್ನು ಬೆಳೆಸಿದರು. ಶುರುವಾದ ಮೇಲೂ ಬೇಗ ಮುಗಿಸಲಿಲ್ಲ: ಐದನೇ ಸೀಸನ್ನಿನ ಕೊನೆಗೆ ನಿಲ್ದಾಣವನ್ನೇ ಶತ್ರುವಿಗೆ ಬಿಟ್ಟುಕೊಟ್ಟು, ಆರನೆಯದರ ಆರು ಕಂತು ಕಳೆಯುವವರೆಗೆ ನಾಯಕನನ್ನು ಅದರ ಹೊರಗೇ ನಿಲ್ಲಿಸಿದರು. ಈಗ ಒಂದರ ಹಿಂದೊಂದು ಕಂತು ಹಾಕಿಕೊಂಡು ನೋಡುವವರಿಗೆ ಆ ನೇಯ್ಗೆ ಚೆನ್ನಾಗಿ ಕಾಣುತ್ತದೆ. ಅಂದು ವಿಪರೀತ ಕತ್ತಲು ಅಂತ ದೂರವಿಟ್ಟವರು ಕೂಡ ಇಂದು ಮರಳಿ ಬರುತ್ತಿರುವುದಕ್ಕೆ ಇದೂ ಒಂದು ಕಾರಣ.

ಮರಳಿದವರು ಯಾವ ದೃಶ್ಯದ ಬಗ್ಗೆ ಮಾತಾಡುತ್ತಾರೆ, ಗಮನಿಸು. ನೂರಾರು ಹಡಗು ಕಾದಾಡುವ ದೃಶ್ಯದ ಬಗ್ಗೆ ಒಂದೆರಡು ಮಾತಾಡಿ ಮುಂದೆ ಹೋಗುತ್ತಾರೆ. ನಿಲ್ಲುವುದು ಬೇರೆ ಕಡೆ.

ಶತ್ರುವಿನ ಕೈಗೆ ಸಿಕ್ಕ ನಿಲ್ದಾಣದಲ್ಲಿ ಅಲ್ಲಿನ ಅಧಿಕಾರಿ ಮೇಜರ್ ಕಿರಾ ಬೆಳಿಗ್ಗೆ ಏಳುತ್ತಾಳೆ, ಶತ್ರು ಸೈನಿಕರ ಪಕ್ಕದಲ್ಲೇ ಲಿಫ್ಟಿನಲ್ಲಿ ನಿಂತು ಕೆಲಸಕ್ಕೆ ಹೋಗುತ್ತಾಳೆ. ಎಲ್ಲ ಮಾಮೂಲಿ. ಆಮೇಲೆ ಯಾಸಿಮ್ ಎಂಬ ವಯಸ್ಸಾದ ಸನ್ಯಾಸಿನಿ, ತನ್ನ ಜನ ಹೀಗೆ ತಲೆತಗ್ಗಿಸಿ ಹೊಂದಿಕೊಂಡದ್ದನ್ನು ವಿರೋಧಿಸಿ, ಎಲ್ಲರ ಕಣ್ಣೆದುರಿಗೆ ಪ್ರಾಣ ಬಿಡುತ್ತಾಳೆ. ಅದಾದ ಬಳಿಕ ಕಿರಾಳ ಬೆಳಗು ಮತ್ತೊಮ್ಮೆ ಬರುತ್ತದೆ: ಅದೇ ಏಳುವುದು, ಅದೇ ಲಿಫ್ಟು, ಅದೇ ಸೈನಿಕರು. ಯಾರೂ ಏನನ್ನೂ ವಿವರಿಸುವುದಿಲ್ಲ. ಕಿರಾ ಪಾತ್ರ ಮಾಡಿದ ನಟಿ ನಾನಾ ವಿಸಿಟರ್ ಅವರ ಮುಖ ಮಾತ್ರ ಬದಲಾಗಿದೆ. ತಾನು ಶತ್ರುವಿನ ಸಹಾಯಕಿಯಾಗಿಬಿಟ್ಟಿದ್ದೇನೆ ಅನ್ನುವ ಅರಿವು ನಮಗೆ ಅಲ್ಲೇ ಮುಟ್ಟುತ್ತದೆ. ನಿನ್ನ ನಾಲ್ಕನೇ ಅಧ್ಯಾಯದ ಊಟದ ಮೇಜಿಗೆ ಇಷ್ಟೇ ಸಾಕು. ವಸಾಹತು ಸುಡುವ ಮುಂಚಿನ ಒಂದು ಊಟವನ್ನು ಬರಿ, ಆಮೇಲೆ ಅದೇ ಊಟವನ್ನು ಇನ್ನೊಮ್ಮೆ ಬರಿ.

ನಾಯಕ ಸಿಸ್ಕೋ, ಯುದ್ಧದಿಂದ ದೂರವಿದ್ದ ರೊಮ್ಯುಲನ್ನರೆಂಬ ಅನ್ಯಗ್ರಹದ ಜನರನ್ನು ತನ್ನ ಪಕ್ಷಕ್ಕೆ ಎಳೆಯಲು ಸುಳ್ಳು ಸಾಕ್ಷಿ ತಯಾರಿಸುವ 1998ರ ಕಂತನ್ನು ನೀನೂ ಮೆಚ್ಚಿ ಬರೆದಿದ್ದೀಯ. ಆ ನೈತಿಕ ಗೊಂದಲದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ನಾನು ನಿನಗೆ ತೋರಿಸಬಯಸುವುದು ಅದರ ಆರಂಭವನ್ನು. ಪ್ರತಿ ಶುಕ್ರವಾರ ಸಿಸ್ಕೋ ಸತ್ತವರ, ಗಾಯಗೊಂಡವರ, ಕಾಣೆಯಾದವರ ಪಟ್ಟಿಯನ್ನು ಗೋಡೆಗೆ ಹಾಕುತ್ತಾನೆ. ಪರಿಚಯದ ಹೆಸರಿಗಾಗಿ ಜನ ಅದರ ಮುಂದೆ ನಿಲ್ಲುತ್ತಾರೆ. ಅವನು ಮುಂದೆ ಮಾಡುವ ಮೋಸ, ಅದರಿಂದಾಗುವ ಕೊಲೆಗಳು, ಎಲ್ಲದರ ಬೇರು ಆ ಪಟ್ಟಿಯಲ್ಲಿದೆ. ಪಟ್ಟಿ ಇಲ್ಲದಿದ್ದರೆ ಅವನು ಬರೀ ಕುತಂತ್ರಿ.

ಇನ್ನು ನೋಗ್. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಬೇಸರಿಸಬೇಡ. ಸರಣಿ ಶುರುವಾದಾಗ ಅವನು ನಿಲ್ದಾಣದಲ್ಲಿ ಚಿಲ್ಲರೆ ಕಳ್ಳತನ ಮಾಡಿಕೊಂಡಿದ್ದ, ಫೆರೆಂಗಿ ಎಂಬ ಅನ್ಯಗ್ರಹ ಜನಾಂಗದ ಹುಡುಗ. ಅವನನ್ನು ಓದಿಸಿ, ಸಮವಸ್ತ್ರ ಹಾಕಿಸಿ, ನಮ್ಮ ಅಕ್ಕರೆ ಗಳಿಸುವಂತೆ ಮಾಡಿ, ಏಳನೇ ಸೀಸನ್ನಿನಲ್ಲಿ ಬರಡು ಗ್ರಹವೊಂದರ ಮುಂಚೂಣಿಗೆ ಕಳಿಸುತ್ತಾರೆ. ಐದು ತಿಂಗಳಿಂದ ಅದನ್ನು ಹಿಡಿದುಕೊಂಡಿದ್ದ ನೂರೈವತ್ತು ಜನರಲ್ಲಿ ಉಳಿದದ್ದು ನಲವತ್ತಮೂರು. ಅಲ್ಲಿ ನೋಗ್‌ನ ಕಾಲು ಹೋಗುತ್ತದೆ. ಆ ಕಂತಿನ ನಿರ್ದೇಶಕ ವಿನ್ರಿಚ್ ಕೋಲ್ಬೆ ಸ್ವತಃ ವಿಯೆಟ್ನಾಂ ಯುದ್ಧದಲ್ಲಿ ಸೈನಿಕನಾಗಿದ್ದವರು. ಅಲ್ಲಿನ ದಣಿವು ನಿಜವೆನಿಸಲು ಅದೂ ಕಾರಣವಿರಬೇಕು.

ಬೇರೆ ಸರಣಿಯಾಗಿದ್ದರೆ ಮುಂದಿನ ವಾರ ಕೃತಕ ಕಾಲು ಹಾಕಿಸಿ ಕೆಲಸಕ್ಕೆ ಕಳಿಸುತ್ತಿದ್ದರು. ಇಲ್ಲಿ ಅವನಿಗಾಗಿ ಇನ್ನೊಂದು ಇಡೀ ಕಂತು ಇದೆ, ಚಿತ್ರಕಥೆ ಬರೆದವರು ರೊನಾಲ್ಡ್ ಡಿ. ಮೂರ್. ಹೊಸ ಕಾಲು ಸರಿಯಾಗಿದೆ ಅನ್ನುತ್ತಾರೆ ವೈದ್ಯರು, ನೋವು ಹೋಗಿಲ್ಲ ಅನ್ನುತ್ತಾನೆ ಹುಡುಗ. ಊರುಗೋಲು ಬಿಡುವುದಿಲ್ಲ. ಮುಂಚೂಣಿಯಲ್ಲಿ ಕೇಳಿದ್ದ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತಾನೆ. ಕೊನೆಗೆ ಕಂಪ್ಯೂಟರ್ ಮೂಡಿಸಿದ ಹೋಲೋಗ್ರಾಮ್ ಗಾಯಕನೊಬ್ಬನ ಕಾಲ್ಪನಿಕ ಹೋಟೆಲಿನಲ್ಲೇ ವಾಸಕ್ಕೆ ನಿಲ್ಲುತ್ತಾನೆ. ಅಲ್ಲಿಂದ ಹೊರಡು ಅಂದಾಗ ಅವನು ಬಾಯಿಬಿಡುವ ಭಯ ತೀರಾ ಸರಳ: ಏನಾದರೂ ಆಗಲಿ, ತನಗೇನೂ ಆಗದು ಅಂದುಕೊಂಡಿದ್ದ, ಈಗ ತಾನೂ ಸಾಯಬಹುದು ಅನ್ನುವುದು ಗೊತ್ತಾಗಿದೆ. ನೋಗ್ ಪಾತ್ರ ಮಾಡಿದ ಆರನ್ ಐಸನ್‌ಬರ್ಗ್ 2019ರಲ್ಲಿ ತೀರಿಕೊಂಡರು. ಯುದ್ಧದಿಂದ ಮರಳಿದ ಸೈನಿಕರು ಆ ಕಂತು ತಮ್ಮದೇ ಕಥೆ ಅಂತ ತಮ್ಮ ಬಳಿ ಹೇಳಿಕೊಂಡದ್ದನ್ನು ಅವರು ನೆನೆಯುತ್ತಿದ್ದರು. ಆ ಕಂತಿನಲ್ಲಿ ಒಂದು ಕಾಳಗವೂ ಇಲ್ಲ.

ಹಾಗಂತ ಸರಣಿಯಲ್ಲಿ ಎಲ್ಲವೂ ಸರಿಯಿಲ್ಲ. ಡೊಮಿನಿಯನ್ ಪಕ್ಷ ಸೇರಿದ ಕಾರ್ಡೇಸಿಯನ್ ಜನಾಂಗದ ನಾಯಕ ಡುಕಾಟ್‌ನಂಥ ಜಟಿಲ ಖಳನನ್ನು ಕೊನೆಗೆ ಬರೀ ದೆವ್ವ ಹಿಡಿದವನನ್ನಾಗಿ ಮಾಡಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಅವನ ಕೈಕೆಳಗಿದ್ದ ಡಮಾರ್‌ನ ಪಾತ್ರ ಅದಕ್ಕಿಂತ ಎಷ್ಟೋ ಮೇಲು. ಹೆಂಡತಿ ಮಕ್ಕಳನ್ನು ಕೊಲ್ಲುವವರು ಎಂಥ ಜನ ಅಂತ ಅವನು ಗೋಳಾಡುವಾಗ, ಅದೇ ಪ್ರಶ್ನೆಯನ್ನು ಕಿರಾ ಅವನಿಗೇ ತಿರುಗಿಸುತ್ತಾಳೆ. ಅವನ ಜನ ಅವಳ ನಾಡನ್ನು ದಶಕಗಳ ಕಾಲ ತುಳಿದಿದ್ದರು. ಆ ಒಂದು ಮಾತಿಗೆ ಅರ್ಥ ಬಂದದ್ದು ಏಳು ವರ್ಷದ ಕಥೆ ಬೆನ್ನ ಹಿಂದಿದ್ದುದರಿಂದ.

ಗೆಲುವನ್ನು ಹೇಗೆ ಬರೆದರು ಅನ್ನುವುದನ್ನೂ ನೋಡು. ಎಂಟುನೂರು ದಶಲಕ್ಷ ಕಾರ್ಡೇಸಿಯನ್ನರು ಸತ್ತುಬಿದ್ದ ನೆಲದ ಮೇಲೆ ಗೆದ್ದವರು ನಿಂತಿದ್ದಾರೆ. ವಿಜಯದ ಮದಿರೆಯನ್ನು ಕುಡಿಯಲಾಗದೆ ಸಿಸ್ಕೋ ನೆಲಕ್ಕೆ ಸುರಿಯುತ್ತಾನೆ. ಹದಿನೆಂಟು ದಿನದ ಯುದ್ಧ ಮುಗಿದ ಮೇಲೆ ಗಾಂಧಾರಿ ಕುರುಕ್ಷೇತ್ರಕ್ಕೆ ಇಳಿದು ಬರುವುದನ್ನು ಚಿಕ್ಕಂದಿನಿಂದ ಕೇಳಿದ ನಿನಗೆ ಇದು ಹೊಸದಲ್ಲ. ಆದರೂ ನಿನ್ನ ಟಿಪ್ಪಣಿಯಲ್ಲಿ ಕೊನೆಯ ಅಧ್ಯಾಯ ಬಾಣಬಿರುಸಿನ ಉತ್ಸವ ಅಂತಿದೆ. ಅದನ್ನು ಇನ್ನೊಮ್ಮೆ ಯೋಚಿಸು.

ಸದ್ಯಕ್ಕೆ ಹೊಸ ಅಧ್ಯಾಯಕ್ಕೆ ಕೈಹಾಕಬೇಡ. ನಾಲ್ಕನೆಯದನ್ನು ಮೊದಲಿಂದ ಬರಿ. ವಸಾಹತಿನಿಂದ ಬದುಕಿ ಬಂದ ಆ ಅಡುಗೆಯವಳನ್ನು ಅರ್ಧ ಪುಟದಲ್ಲೇ ಕೈಬಿಟ್ಟಿದ್ದೀಯ. ಅವಳನ್ನು ಹಡಗಿನಲ್ಲೇ ಉಳಿಸಿಕೊ, ಕ್ಯಾಪ್ಟನ್ ಊಟಕ್ಕೆ ಕೂತಾಗ ಬಡಿಸುವವಳು ಅವಳೇ ಆಗಲಿ. ಬರೆದದ್ದನ್ನು ಯುಗಾದಿಯೊಳಗೆ ಕಳಿಸು, ಓದಿ ಉತ್ತರಿಸುತ್ತೇನೆ.

ಇಂತಿ,
ನಿನ್ನ ಹಿರಿಯ ಮಿತ್ರ